ರೋಗಿಯ ಮುಂದೆ ನಗಬಹುದೇ?

ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೆಂದರೆ ಮೊದಲು ಮರೆಯಾಗುವುದು ನಗು. ಟಿ.ವಿ. ಬಂದ್, ಮಕ್ಕಳಿಗೆ ಗದರಿಕೆ, ಬಂದವರದೆಲ್ಲ ಪಿಸುಮಾತು. ಖಾನಾಪುರದ ಹಳ್ಳಿಗಳಿಂದ ಬೆಳಗಾವಿಯ ಆಸ್ಪತ್ರೆಗಳಿಗೆ ರೋಗಿಗಳನ್ನು ಕಾಣಲು ಬರುವವರನ್ನು ಗಮನಿಸಿದ್ದೀರಾ? ಬಸ್ಸಿನುದ್ದಕ್ಕೂ ಹರಟುತ್ತ ಬಂದವರು ವಾರ್ಡಿನ ಬಾಗಿಲಲ್ಲಿ ಮುಖ ಬಿಗಿದುಕೊಳ್ಳುತ್ತಾರೆ. "ಎಷ್ಟ ಸೊರಗೀಯೋ ತಮ್ಮಾ!" ಎಂಬುದೇ ಮೊದಲ ಮಾತು. ಆಮೇಲೆ ಅದೇ ಕಾಯಿಲೆಯಿಂದ ಯಾರ್ಯಾರು ತೀರಿಕೊಂಡರೆಂಬ ಪಟ್ಟಿ! ಕೊನೆಗೆ ರೋಗಿಯೇ ಬಂದವರಿಗೆ ಸಮಾಧಾನ ಹೇಳಬೇಕಾಗುತ್ತದೆ.

ನೋವಿನ ಮುಂದೆ ನಗುವುದು ಪಾಪವೆಂಬ ಅಂಜಿಕೆ ನಮ್ಮಲ್ಲಿದೆ. ಪವಿತ್ರ ಬೈಬಲ್ ಹಾಗೆ ಹೇಳುವುದಿಲ್ಲ. ಜ್ಞಾನೋಕ್ತಿಗಳ ಗ್ರಂಥ (17:22) ಹರ್ಷದ ಮನಸ್ಸನ್ನು ಔಷಧಕ್ಕೆ ಹೋಲಿಸುತ್ತದೆ. ಅಬ್ರಹಾಮ ಮತ್ತು ಸಾರಳಿಗೆ ಮುಪ್ಪಿನಲ್ಲಿ ಹುಟ್ಟಿದ ಇಸಾಕನ ಹೆಸರಿನಲ್ಲೇ ನಗುವಿದೆ. 2024ರ ಜೂನ್ 14ರಂದು ಜಗದ್ಗುರು ಫ್ರಾನ್ಸಿಸ್‌ರವರು ನೂರಕ್ಕೂ ಹೆಚ್ಚು ಹಾಸ್ಯಕಲಾವಿದರನ್ನು ವ್ಯಾಟಿಕನ್ನಿಗೆ ಕರೆಸಿಕೊಂಡಿದ್ದರು.

ಅಮೆರಿಕದ ಪತ್ರಕರ್ತ ನಾರ್ಮನ್ ಕಸಿನ್ಸ್ 1964ರಲ್ಲಿ ಬೆನ್ನುಮೂಳೆಯ ತೀವ್ರ ನೋವಿನಿಂದ ಮಲಗಿದ್ದಾಗ ಹಾಸ್ಯಚಿತ್ರಗಳನ್ನು ತರಿಸಿ ನೋಡಿದರು. ಹತ್ತು ನಿಮಿಷ ಬಿದ್ದು ಬಿದ್ದು ನಕ್ಕರೆ ಎರಡು ಗಂಟೆ ನೋವಿಲ್ಲದ ನಿದ್ದೆ ಬರುತ್ತಿತ್ತೆಂದು 1979ರ ತಮ್ಮ ಪುಸ್ತಕದಲ್ಲಿ ಬರೆದರು. ಒಬ್ಬರ ಅನುಭವ ಎಲ್ಲರಿಗೂ ಮದ್ದಾಗದು; ಅವರು ವೈದ್ಯರನ್ನೂ ಬಿಟ್ಟಿರಲಿಲ್ಲ. ಆದರೆ 2011ರಲ್ಲಿ ಆಕ್ಸ್‌ಫರ್ಡಿನ ರಾಬಿನ್ ಡನ್‌ಬಾರ್ ಮತ್ತು ಸಂಗಡಿಗರು ಪ್ರಕಟಿಸಿದ ಪರೀಕ್ಷೆಗಳಲ್ಲಿ, ಚೆನ್ನಾಗಿ ನಕ್ಕ ಬಳಿಕ ಜನ ನೋವನ್ನು ಹೆಚ್ಚು ತಾಳಿಕೊಂಡರು. ಹೊಟ್ಟೆಯ ಸ್ನಾಯುಗಳು ದಣಿಯುವಂತೆ ನಕ್ಕಾಗ ಮಿದುಳಿನಲ್ಲಿ ಎಂಡಾರ್ಫಿನ್ ಎಂಬ ನೋವುನಿವಾರಕ ಸ್ರವಿಸುತ್ತದೆಂಬುದು ಅವರ ವಿವರಣೆ. ತುಟಿಯಂಚಿನ ನಗೆಗೆ ಈ ಗುಣವಿಲ್ಲ.

ನಮ್ಮ ನಾಡಿನಲ್ಲೂ ಇದನ್ನು ಬಲ್ಲ ವೈದ್ಯರಿದ್ದರು. ಬೆಂಗಳೂರಿನ ಡಾ. ಎಂ. ಶಿವರಾಂ, ಅಂದರೆ 'ರಾಶಿ', ರೋಗಿಗಳನ್ನು ನೋಡುತ್ತಲೇ 1942ರಲ್ಲಿ 'ಕೊರವಂಜಿ' ಹಾಸ್ಯಪತ್ರಿಕೆ ಆರಂಭಿಸಿ 25 ವರ್ಷ ನಡೆಸಿದರು.

ಹಾಗೆಂದು ನಗೆಹನಿಗಳ ಪುಸ್ತಕ ಹಿಡಿದು ಆಸ್ಪತ್ರೆಗೆ ಹೋಗಬೇಕಿಲ್ಲ. ಒಬ್ಬರೇ ಇರುವಾಗಿಗಿಂತ ನಾಲ್ವರೊಡನೆ ಇರುವಾಗ ಮನುಷ್ಯ ಸುಮಾರು 30 ಪಟ್ಟು ಹೆಚ್ಚು ನಗುತ್ತಾನೆಂದು ರಾಬರ್ಟ್ ಪ್ರೊವೈನ್ ಎಂಬ ವಿಜ್ಞಾನಿ ಕಂಡುಕೊಂಡರು. ಮಕ್ಕಳೆಲ್ಲ ಗೋವಾ, ಪುಣೆ, ಗಲ್ಫ್ ಸೇರಿದ ಮೇಲೆ ಖಾನಾಪುರದ ಜಡಿಮಳೆಯಲ್ಲಿ ಒಂಟಿಯಾಗಿ ಕೂತ ಅಜ್ಜಿಗೆ ಕೊರತೆಯಾಗಿರುವುದು ಹಾಸ್ಯವಲ್ಲ, ಜೊತೆ.

ಹೊಲಿಗೆ ಹಾಕಿದ ಹೊಟ್ಟೆಯವರನ್ನು ಮಾತ್ರ ನಗಿಸಬೇಡಿ, ಪಾಪ, ಪ್ರಾಣ ಹೋದಂತಾಗುತ್ತದೆ. ಉದುರಿದ ಕೂದಲು, ಕೇಳದ ಕಿವಿ, ಮಂಚದಲ್ಲೇ ಆದ ಒದ್ದೆ, ಇವು ನಮ್ಮ ನಗೆಗೆ ವಸ್ತುವಲ್ಲ. ರೋಗಿ ತಾನಾಗಿ ನಕ್ಕರೆ ಅದು ಬೇರೆ.

ನಗೆಗೆ ನಮ್ಮ ಸೀಮೆಯಲ್ಲಿ ಬರವೇ? ಕನ್ನಡ, ಮರಾಠಿ, ಕೊಂಕಣಿ ಒಂದೇ ಅಡುಗೆಮನೆಯಲ್ಲಿ ಕೂಡುತ್ತವೆ. ಬಯಲುಸೀಮೆಯಿಂದ ಬಂದ ಹೊಸ ಸೊಸೆಗೆ ನೆರೆಯಾಕೆ ಮರಾಠಿಯಲ್ಲಿ "ಕಸ ಕಾಯ್?" ಎಂದು ಯೋಗಕ್ಷೇಮ ವಿಚಾರಿಸಿದರೆ, ಈಕೆ ಕಸಬರಿಗೆ ತರಲು ಓಡಿದ ಕಥೆ ಇಲ್ಲಿ ಯಾವ ಮನೆಗೂ ಹೊಂದುತ್ತದೆ. ಅಂಥದೊಂದನ್ನು ಅಜ್ಜಿಯ ಬಾಯಿಂದಲೇ ಹೇಳಿಸಿ. ನೂರು ಸಲ ಹೇಳಿರಬಹುದು. ಇನ್ನೊಮ್ಮೆ ಹೇಳಲಿ, ನಿಮ್ಮ ಬಸ್ಸಿಗೆ ಇನ್ನೂ ಹೊತ್ತಿದೆ.