ಮೆಣಸಿನ ಬಳ್ಳಿ ಕಲಿಸಿದ ಪಾಠ: ತೊಮೆ-ಅಸೂವಿನ ಜಪಾನೀ ರೈತರು

ಕರಿಮೆಣಸಿನ ತವರು ಪಶ್ಚಿಮ ಘಟ್ಟ. ಇದೇ ಬೆಳೆ ದೂರದ ಬ್ರೆಜಿಲ್ ದೇಶದಲ್ಲಿ ನೆಲೆಸಿದ ಜಪಾನೀ ರೈತರನ್ನು ಮೊದಲು ಮೇಲೆತ್ತಿ, ಅನಂತರ ಕೆಳಗೆ ಕೆಡವಿದ ಸಂಗತಿ ಬೆಳೆಗಾರರೆಲ್ಲರೂ ತಿಳಿಯತಕ್ಕದ್ದು.

ಕಷ್ಟದ ಆರಂಭ

ತೊಮೆ-ಅಸೂ ಎಂಬ ಊರು ಅಮೆಜಾನ್ ಕಾಡಿನ ಪಾರಾ ಪ್ರಾಂತ್ಯದಲ್ಲಿದೆ. 1929ರಲ್ಲಿ ಜಪಾನಿನ 43 ಕುಟುಂಬಗಳು ಇಲ್ಲಿಗೆ ಬಂದು ಕಾಡು ಕಡಿದು ಬೇಸಾಯಕ್ಕೆ ತೊಡಗಿದವು. ನೆಚ್ಚಿದ್ದ ಕೋಕೋ ಕೈಗೂಡಲಿಲ್ಲ. ಬತ್ತ, ತರಕಾರಿಗಳಿಂದ ಬಂದ ಆದಾಯ ಸಾಲದಾಯಿತು. ಮಲೇರಿಯಾ ಹಲವರನ್ನು ಬಲಿ ತೆಗೆದುಕೊಂಡಿತು. ಅನೇಕ ಕುಟುಂಬಗಳು ಊರು ಬಿಟ್ಟವು.

ಮೆಣಸಿನ ಕಾಲ

1933ರಲ್ಲಿ ಸಿಂಗಪುರದಿಂದ 20 ಮೆಣಸಿನ ಸಸಿಗಳು ಬಂದವು. ಉಳಿದದ್ದು ಬೆರಳೆಣಿಕೆಯಷ್ಟು. ಅವುಗಳಿಂದಲೇ ಬಳ್ಳಿ ತುಂಡುಗಳನ್ನು ತೆಗೆದು ತೋಟ ಹೆಚ್ಚಿಸಲಾಯಿತು. ಎರಡನೆಯ ಮಹಾಯುದ್ಧದಲ್ಲಿ ಆಗ್ನೇಯ ಏಷ್ಯಾದ ತೋಟಗಳು ಹಾಳಾದುದರಿಂದ ಯುದ್ಧಾನಂತರ ಮೆಣಸಿನ ಬೆಲೆ ಬಹಳ ಏರಿತು. ಜನ ಅದನ್ನು 'ಕಪ್ಪು ವಜ್ರ' ಎಂದರು. 1949ರಲ್ಲಿ ರೈತರು ತಮ್ಮ ಸಹಕಾರ ಸಂಘವನ್ನು ಕಟ್ಟಿಕೊಂಡರು.

ಬಿದ್ದ ಪೆಟ್ಟು

ಕಾಡು ಬಯಲಾಗಿಸಿ, ಸತ್ತ ಮರದ ಕಂಬಗಳಿಗೆ ಬಳ್ಳಿ ಹಬ್ಬಿಸಿ, ಎಲ್ಲೆಡೆ ಮೆಣಸೊಂದನ್ನೇ ಬೆಳೆಯಲಾಗಿತ್ತು. ಫ್ಯುಸೇರಿಯಂ ಎಂಬ ಶಿಲೀಂಧ್ರದಿಂದ ಬೇರು ಕೊಳೆಯುವ ರೋಗ ಹರಡಿ, 1970ರ ದಶಕದ ವೇಳೆಗೆ ತೋಟಗಳು ನಾಶವಾದವು. ಬೇರೆ ಬೆಳೆಯಿಲ್ಲದ ರೈತ ಬರಿಗೈಯಾದ.

ಮಿಶ್ರ ತೋಟ

ಉಳಿದವರು ಹೊಸ ಕ್ರಮ ಹಿಡಿದರು. ಮೊದಲು ಅಲ್ಪಾವಧಿ ಬೆಳೆ ಹಾಗೂ ಮೆಣಸು; ಬಳ್ಳಿ ಬದುಕಿರುವಾಗಲೇ ನಡುವೆ ಕೋಕೋ, ಅದರ ಸಂಬಂಧಿಯಾದ ಕುಪುವಾಸೂ ಗಿಡ; ಜೊತೆಗೆ ಅಡಿಕೆಯ ಕುಟುಂಬಕ್ಕೆ ಸೇರಿದ ಅಸಾಯಿ ಮರ; ಮೇಲಿನ ನೆರಳಿಗೆ ಮರಮುಟ್ಟು ಕೊಡುವ ದೊಡ್ಡ ಮರಗಳು. ಮೆಣಸು ಮುಗಿಯುವ ಹೊತ್ತಿಗೆ ಕೋಕೋ ಫಸಲು ಕೈಸೇರುತ್ತದೆ. ಸಹಕಾರ ಸಂಘವು ಹಣ್ಣಿನ ತಿರುಳು ತೆಗೆದು ಮಾರುವ ವ್ಯವಸ್ಥೆಯನ್ನೂ ಮಾಡಿತು.

ಗಮನಿಸಬೇಕಾದ ಅಂಶಗಳು

1. ಬೆಲೆ ಏರಿದಾಗ ಇಡೀ ಜಮೀನನ್ನು ಒಂದೇ ಬೆಳೆಗೆ ಒಪ್ಪಿಸಬಾರದು.

2. ಮಿಶ್ರ ಬೆಳೆ ರೋಗಕ್ಕೆ ಔಷಧಿಯಲ್ಲ; ರೋಗ ಬಂದರೂ ಸಂಸಾರ ನಡೆಸುವ ಆಧಾರ. ಮಲೆನಾಡಿನಲ್ಲಿ ಮೆಣಸಿನ ಶೀಘ್ರ ಸೊರಗು ರೋಗಕ್ಕೆ ಕಾರಣ ಫೈಟಾಫ್ತೊರಾ ಎಂಬ ಬೇರೆಯೇ ರೋಗಾಣು. ಆದರೂ ನೀರು ಬಸಿಯುವ ಕಾಲುವೆ, ರೋಗವಿಲ್ಲದ ಸಸಿ, ಮಳೆಗಾಲಕ್ಕೆ ಮುನ್ನ ಶೇಕಡ 1ರ ಬೋರ್ಡೊ ದ್ರಾವಣದ ಸಿಂಪಡಣೆ ತಪ್ಪಬಾರದು.

3. ಮುಂದಿನ ಬೆಳೆಯನ್ನು ಈಗಿನ ಬೆಳೆ ಚೆನ್ನಾಗಿರುವಾಗಲೇ ನೆಡಬೇಕು. ಬಳ್ಳಿ ಒಣಗಿದ ಮೇಲೆ ನೆಟ್ಟ ಗಿಡ ಫಲ ಕೊಡುವವರೆಗೆ ಸಾಲವೇ ಗತಿ.

ಅಡಿಕೆ ಮರಕ್ಕೆ ಮೆಣಸು ಹಬ್ಬಿಸಿ, ನಡುವೆ ಬಾಳೆ, ಏಲಕ್ಕಿ ಬೆಳೆಯುವ ಮಲೆನಾಡಿನ ತೋಟ ಈ ಪಾಠವನ್ನು ಹಿಂದಿನಿಂದಲೂ ಪಾಲಿಸಿದೆ. ಅದನ್ನು ಉಳಿಸಿಕೊಳ್ಳುವುದು ಬೆಳೆಗಾರರ ಕೈಯಲ್ಲಿದೆ.