ಉಪವಾಸದ ದಿನದ ಉದ್ವೇಗ

ಚತುರ್ದಶಿಯ ಉಪವಾಸದಂದೇ ಮನೆಯಲ್ಲಿ ಮಾತು ಬಿರುಸಾಗುವುದುಂಟು. ಹಸಿವೊಂದನ್ನೇ ದೂರುವುದು ಸರಿಯಲ್ಲ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಆರ್ತಧ್ಯಾನದ ನಾಲ್ಕು ಬಗೆಗಳನ್ನು ಹೇಳುತ್ತದೆ: ಅನಿಷ್ಟಸಂಯೋಗ, ಇಷ್ಟವಿಯೋಗ, ವೇದನೆ, ನಿದಾನ. ಬಾಗಿಲಲ್ಲಿ ನಿಂತ ಸಾಲ ಕೊಟ್ಟವನು, ಪರಸ್ಥಳಕ್ಕೆ ಹೋದ ಮಗ, ಬಿಡದ ಮೊಣಕಾಲುನೋವು, ಮುಂದಿನ ಸುಖದ ಹಂಬಲ: ನಮ್ಮ ನಿತ್ಯದ ತಳಮಳ ಬಹುಮಟ್ಟಿಗೆ ಇವುಗಳಲ್ಲೇ ಅಡಗಿದೆ.

ಯಾವ ಬಗೆಯದೆಂದು ಮೊದಲು ಗುರುತಿಸಿರಿ. ಬಳಿಕ ಕಾಯೋತ್ಸರ್ಗದಲ್ಲಿ ನಿಂತು, ಣಮೋಕಾರವೊಂದಕ್ಕೆ ಮೂರು ಉಚ್ಛ್ವಾಸಗಳಂತೆ ಒಂಬತ್ತು ಜಪಕ್ಕೆ 27 ಉಚ್ಛ್ವಾಸಗಳನ್ನು ನಿಧಾನವಾಗಿ ಪೂರೈಸಿರಿ. 48 ನಿಮಿಷಗಳ ಸಾಮಾಯಿಕಕ್ಕೆ ಬಿಡುವಿಲ್ಲದ ಗೃಹಿಣಿಗೂ (ಅಡುಗೆಮನೆ ಅವಳನ್ನು ಉಪವಾಸದಂದೂ ಬಿಡದು!) ಇಷ್ಟು ಸಾಧ್ಯ.

ಆದರೆ ಸಕ್ಕರೆ ಕಾಯಿಲೆಗೆ ಔಷಧಿ ಸೇವಿಸುವವರಲ್ಲಿ ಬೆವರು, ನಡುಕ, ಸಿಡುಕು ಕಂಡರೆ ಅದನ್ನು ಆರ್ತಧ್ಯಾನವೆಂದು ಭಾವಿಸಬಾರದು. ರಕ್ತದ ಸಕ್ಕರೆ ಕುಸಿದಿರಬಹುದು, ಕೂಡಲೇ ಸಕ್ಕರೆ ಕೊಡಬೇಕು. ಅಂತಹವರು ವೈದ್ಯರನ್ನು ಕೇಳಿ, ಶಕ್ತ್ಯನುಸಾರವಾದ ನಿಯಮವನ್ನೇ ಸ್ವೀಕರಿಸುವುದು ಯುಕ್ತ.