ಕೆರೆಯಂಚಿನಲ್ಲಿ ಲೋಹ ಹುಡುಕುವವರಿಗೆ

ಬೆಂಗಳೂರಿನ ಬಿನ್ನಿಪೇಟೆಗೆ ಸಮೀಪದ ಕೆಂಪಾಂಬುಧಿಯಂಥ ಕೆರೆಗಳ ಅಂಚಿನಲ್ಲಿ ಲೋಹಶೋಧಕವನ್ನು, ಅಂದರೆ ತಂತಿಸುರುಳಿಯ ಕಾಂತಕ್ಷೇತ್ರದಿಂದ ನೆಲದೊಳಗಿನ ಲೋಹವನ್ನು ಪತ್ತೆಹಚ್ಚುವ ಉಪಕರಣವನ್ನು, ಬಳಸಬಯಸುವವರು ಮೊದಲು ಕೆರೆಯ ಉಸ್ತುವಾರಿ ಹೊತ್ತ ಇಲಾಖೆಯಿಂದ ಲಿಖಿತ ಅನುಮತಿ ಪಡೆಯುವುದು ಲೇಸು. ಸಿಹಿನೀರಿನಲ್ಲಿ ಲವಣಾಂಶ ಕಡಿಮೆಯಿರುವುದರಿಂದ ಕಡಲತೀರದಲ್ಲಿ ಕಾಡುವ ಹುಸಿಸದ್ದು ಇಲ್ಲಿ ಅಷ್ಟಾಗಿ ಕೇಳಿಸದಾದರೂ, ಸೋಡಾ ಬಾಟಲಿಯ ಮುಚ್ಚಳ, ತುಕ್ಕು ಹಿಡಿದ ಮೊಳೆ, ವಿಸರ್ಜಿತ ಗಣೇಶನ ಒಳಗಂಬಿ ಇವೇ (ಪಾಪ, ದೇವರ ತಪ್ಪಲ್ಲ) ಹೆಚ್ಚಾಗಿ ಕೂಗಿ ಕರೆಯುತ್ತವೆ. ಹಾಗೆಂದು ಈ ಸೀಮೆಯ ನೆಲವನ್ನು ಹಗುರವಾಗಿ ಕಾಣಲಾಗದು: 1891ರಲ್ಲಿ ಯಶವಂತಪುರದಲ್ಲಿ ಅಗಸ್ಟಸ್, ಟೈಬೀರಿಯಸ್ ಮೊದಲಾದ ರೋಮನ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳು ದೊರೆತಿದ್ದವು. ಅಂಥದ್ದೇನಾದರೂ ಸಿಕ್ಕರೆ ಹುಣಸೆಹಣ್ಣು ಹಾಕಿ ಉಜ್ಜದೆ, ಮತ್ತಷ್ಟು ಅಗೆಯದೆ, ಸ್ಥಳವನ್ನು ಗುರುತಿಟ್ಟುಕೊಂಡು, 1962ರ ಕರ್ನಾಟಕ ನಿಕ್ಷೇಪ ನಿಧಿ ಕಾಯಿದೆಯಂತೆ ಜಿಲ್ಲಾಧಿಕಾರಿಗೆ ಬರಹದಲ್ಲಿ ತಿಳಿಸತಕ್ಕದ್ದು.